ಪಟ್ಟದ ಗೊಂಬೆಯ ಪೆಟ್ಟಿಗೆ ತೆರೆಯುವ ಮೊದಲು

ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುವ ಒಂದು ಟ್ರಂಕು ಇರುತ್ತದೆ. ಮಹಾಲಯ ಅಮಾವಾಸ್ಯೆಯ ಸಂಜೆ ಅದನ್ನು ಇಳಿಸುತ್ತಾರೆ. ಬೆಳಗಾದರೆ ದಸರೆಯ ಮೊದಲ ದಿನವಾದ ಪಾಡ್ಯ, ಅಷ್ಟರೊಳಗೆ ಗೊಂಬೆ ಕೂರಿಸಬೇಕು. ಆ ಅವಸರದಲ್ಲಿ ಒಂದು ಬೋಗುಣಿ ನೀರು, ಒಂದು ಹಳೇ ಬಟ್ಟೆ ಹಿಡಿದು ಸಿಕ್ಕಿದ ಗೊಂಬೆಗಳನ್ನೆಲ್ಲ ಒರೆಸಿಬಿಡುತ್ತಾರೆ. ತಲೆಮಾರುಗಳಿಂದ ಉಳಿದುಬಂದ ಬಣ್ಣ ಒಂದು ಗಂಟೆಯಲ್ಲಿ ಬಟ್ಟೆಗೆ ಬಂದಿರುತ್ತದೆ. ಮುಖ ಮಾಸಿತು ಎಂದು ಆಮೇಲೆ ಪೇಂಟಿನ ಡಬ್ಬಿ ತರುತ್ತಾರೆ. ಗೊಂಬೆ ಹೊಳೆಯುತ್ತದೆ ನಿಜ, ಆದರೆ ಆ ಮನೆಯ ಹಬ್ಬ ಹೇಗೆಲ್ಲ ಬದಲಾಗುತ್ತ ಬಂತು ಎಂದು ಹೇಳಬಲ್ಲ ಸಾಕ್ಷಿ ಆ ಪೇಂಟಿನ ಕೆಳಗೆ ಮುಚ್ಚಿಹೋಗುತ್ತದೆ.

ಹಳೆಯ ಗೊಂಬೆಯನ್ನು ಹೊಸದು ಮಾಡಬೇಡಿ. ಈ ಬರಹದ ಮುಖ್ಯ ಮಾತು ಅಷ್ಟೇ. ಅದರ ಮೈಮೇಲಿನ ಸವೆತ, ತೇಪೆ, ಯಾರೋ ಬಿಚ್ಚದೆ ಬಿಟ್ಟ ಹಳೇ ಜರಿ, ಅದನ್ನು ಸುತ್ತಿದ್ದ ಪತ್ರಿಕೆಯ ಹಾಳೆ, ಇವೆಲ್ಲ ಸೇರಿದರೆ ಒಂದು ಮನೆತನದ ಲೆಕ್ಕದ ಪುಸ್ತಕವಿದ್ದ ಹಾಗೆ. ಅದನ್ನು ಓದುವುದು ಹೇಗೆ, ಓದುವಾಗ ಹಾಳು ಮಾಡದಿರುವುದು ಹೇಗೆ ಎಂಬುದನ್ನು ಒಟ್ಟಿಗೇ ಹೇಳಬೇಕಾಗುತ್ತದೆ.

ಮೊದಲು ಹೊತ್ತಿನ ವಿಚಾರ. ಪಿತೃಪಕ್ಷದ ಹದಿನೈದು ದಿನ ಅನೇಕ ಮನೆಗಳಲ್ಲಿ ಶುಭದ ಸಾಮಾನು ಮುಟ್ಟುವುದಿಲ್ಲ. ಹಾಗಾಗಿ ಎಲ್ಲ ಕೆಲಸವೂ ಕೊನೆಯ ಸಂಜೆಗೆ ಬಂದು ಬೀಳುತ್ತದೆ. ಗಣೇಶನ ಹಬ್ಬ ಮುಗಿದು ಅನಂತ ಚತುರ್ದಶಿ ಬರುವುದರೊಳಗೆ ಟ್ರಂಕು ಇಳಿಸಿ ನೋಡಿಕೊಂಡರೆ ಈ ತೊಂದರೆಯೇ ಇಲ್ಲ. ಮಳೆಗಾಲದ ತೇವ ಎಲ್ಲಿ ಹಿಡಿದಿದೆ, ಯಾವ ಗೊಂಬೆಗೆ ಮರ ಕೊರೆಯುವ ಕುಟ್ಟೆ ಹುಳು ಹತ್ತಿದೆ ಎಂದು ಗೊತ್ತಾಗಿ, ಸರಿಮಾಡಲು ಸಮಯ ಸಿಗುತ್ತದೆ.

ನೆಲದ ಮೇಲೆ ಬಿಳಿ ಪಂಚೆ ಹಾಸಿ, ಒಂದೊಂದೇ ಗೊಂಬೆ ತೆಗೆಯಿರಿ. ಕೈ ಹಿಡಿದೋ ತಲೆ ಹಿಡಿದೋ ಎತ್ತಬೇಡಿ. ಒಂದು ಅಂಗೈ ಬುಡಕ್ಕೆ, ಇನ್ನೊಂದು ಬೆನ್ನಿಗೆ. ಹಳೇ ಅಂಟು ಮೊದಲು ಬಿಡುವುದು ಭುಜದಲ್ಲಿ, ಕುತ್ತಿಗೆಯಲ್ಲಿ. ಪಂಚೆಯ ಮೇಲೆ ಬಣ್ಣದ ಚಕ್ಕೆ ಉದುರಿದರೆ ಯಾವ ಗೊಂಬೆಯದು ಎಂದು ಅಲ್ಲೇ ಗುರುತಿಸಿ ಒಂದು ಲಕೋಟೆಗೆ ಹಾಕಿಡಿ.

ಸುತ್ತಿದ ಪತ್ರಿಕೆಯನ್ನು ಮುದುಡಿ ಎಸೆಯುವುದು ಎಲ್ಲರೂ ಮಾಡುವ ತಪ್ಪು. ಅದರ ಮೇಲೆ ತಾರೀಖು ಇರುತ್ತದೆ. ಆ ಗೊಂಬೆಯನ್ನು ಕೊನೆಯ ಸಲ ಕಟ್ಟಿಟ್ಟದ್ದು ಆ ದಿನಕ್ಕಿಂತ ಮೊದಲಂತೂ ಅಲ್ಲ. ಅಕ್ಟೋಬರ್ ಹೊತ್ತಿನ ಹಾಳೆಗಳು ವರ್ಷ ಬಿಡದೆ ಸಿಕ್ಕರೆ ಆ ಮನೆಯಲ್ಲಿ ಹಬ್ಬ ತಪ್ಪದೆ ನಡೆದಿದೆ ಎಂದು ಅರ್ಥ. ನಡುವೆ ಹತ್ತು ಹನ್ನೆರಡು ವರ್ಷದ ಖಾಲಿ ಬಂದರೆ ಹಿರಿಯರನ್ನು ಕೇಳಿ: ಸಾವೋ, ವರ್ಗಾವಣೆಯೋ, ಮನೆ ಪಾಲಾದದ್ದೋ, ಏನೋ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಆದರೆ ಅದೇ ಹಾಳೆಯಲ್ಲಿ ಮತ್ತೆ ಸುತ್ತಬೇಡಿ. ಪತ್ರಿಕೆಯ ಕಾಗದದಲ್ಲಿ ಹುಳಿ ಅಂಶವಿದೆ, ಶಾಯಿ ತೇವಕ್ಕೆ ಬಣ್ಣದ ಮೇಲೆ ಅಚ್ಚು ಬೀಳುತ್ತದೆ. ಹಾಳೆ ಬಿಡಿಸಿ, ಮಡಚಿ, ಬೇರೆ ಕವರಿನಲ್ಲಿಡಿ. ಗೊಂಬೆಗೆ ಒಗೆದು ಮೆತ್ತಗಾದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ಸಾಕು. ಗಂಜಿ ಇದ್ದರೆ ಜಿರಳೆ ಬರುತ್ತದೆ.

ಇನ್ನು ಪಟ್ಟದ ಗೊಂಬೆ, ಅಂದರೆ ರಾಜ-ರಾಣಿಯ ಜೋಡಿ. ವಿಜಯನಗರದ ಮಹಾನವಮಿಯ ವೈಭವವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ಪಾಡ್ಯದ ದಿನ ರಾಜರು ಸಿಂಹಾಸನ ಏರುವ ಕ್ರಮವಿತ್ತು. ಅದೇ ದಿನ ಮನೆಮನೆಯಲ್ಲಿ ಹೆಂಗಸರು ರಾಜ-ರಾಣಿಯ ಜೋಡಿಯನ್ನು ಮೇಲಿನ ಮೆಟ್ಟಿಲಲ್ಲಿ ಕಲಶದ ಜೊತೆ ಕೂರಿಸುತ್ತಾರೆ. ಹೊರಗೆ ಅರಸರ ದರ್ಬಾರು, ಒಳಗೆ ಮನೆಯೊಡತಿಯ ದರ್ಬಾರು. ಅರಮನೆಯಲ್ಲೂ ಗೊಂಬೆಗಳಿಗೆಂದೇ ಗೊಂಬೆ ತೊಟ್ಟಿ ಇದೆ. 1897ರಲ್ಲಿ ಹಳೇ ಅರಮನೆ ಸುಟ್ಟು, 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ ಪ್ರವಾಸಿಗರು ಮೊದಲು ನೋಡುವುದೇ ಆ ತೊಟ್ಟಿಯನ್ನು.

ಮನೆಯ ಜೋಡಿ ಬರುತ್ತಿದ್ದದ್ದು ಹೆಣ್ಣಿನ ತವರಿನಿಂದ. ಮದುವೆಯಲ್ಲಿ ಮಗಳಿಗೆ ಕೊಡುವ ಸಾಮಾನಿನಲ್ಲಿ ಪಟ್ಟದ ಗೊಂಬೆಯೂ ಒಂದು. ಬೆಳ್ಳಿ ಬಂಗಾರ ಗಂಡನ ಮನೆಯ ಕಷ್ಟಕ್ಕೆ ಕರಗಬಹುದು. ಗೊಂಬೆಯನ್ನು ಯಾರೂ ಅಡವಿಡುವುದಿಲ್ಲ. ಅದಕ್ಕೇ ಅಜ್ಜಿಯಂದಿರ ಆಸ್ತಿಯಲ್ಲಿ ಕೊನೆಗೂ ಉಳಿದದ್ದು ಇದೇ. ಒಂದು ಮನೆಯ ಮೇಲಿನ ಮೆಟ್ಟಿಲಲ್ಲಿ ಮೂರು ಜೋಡಿ ಇದ್ದರೆ ಆ ಮನೆಗೆ ಮೂರು ತಲೆಮಾರಿನ ಸೊಸೆಯರು ಬಂದಿದ್ದಾರೆ. ಅತ್ತೆಯ ಜೋಡಿ ನಡುವೆ, ಸೊಸೆಯದು ಪಕ್ಕಕ್ಕೆ. ವಂಶವೃಕ್ಷಗಳಲ್ಲಿ ಗಂಡಸರ ಹೆಸರೇ ಬರೆದಿರುತ್ತದೆ, ಹೆಂಗಸರ ಸಾಲು ಕಾಣುವುದು ಗೊಂಬೆ ಮೆಟ್ಟಿಲ ಮೇಲೆ.

ಒಳ್ಳೆಯ ಹಳೇ ಜೋಡಿಗಳು ರಕ್ತಚಂದನದವು. ಆ ಮರ ಬೆಳೆಯುವುದು ಆಂಧ್ರದ ಶೇಷಾಚಲ, ಕಡಪ, ಚಿತ್ತೂರಿನ ಕಾಡುಗಳಲ್ಲಿ. ತಿರುಪತಿಗೆ ಹೋದವರು ತರುತ್ತಿದ್ದ ಗೊಂಬೆಗಳೂ ಇವೇ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಈ ಮರದ ಕೆಚ್ಚು, ಅಂದರೆ ಒಳಗಿನ ಗಟ್ಟಿ ತಿರುಳು, ನೀರಿಗೆ ಹಾಕಿದರೆ ಮುಳುಗುತ್ತದೆ, ಹಾಗೆಂದು ಗೊಂಬೆಯನ್ನು ನೀರಿಗೆ ಹಾಕಿ ನೋಡಬೇಡಿ. ಬುಡದಲ್ಲಿ ಕಾಣದ ಜಾಗಕ್ಕೆ ಹತ್ತಿಯ ಕಡ್ಡಿಯಲ್ಲಿ ಒಂದು ತೊಟ್ಟು ನೀರು ಒತ್ತಿ, ಆರಿದ ಮೇಲೆ ಇನ್ನೊಂದು ಕಡ್ಡಿಯಲ್ಲಿ ಸ್ಪಿರಿಟ್ ಒತ್ತಿ. ರಕ್ತಚಂದನದ ಕೆಂಪು ನೀರಿಗೆ ಬಿಡುವುದಿಲ್ಲ, ಸ್ಪಿರಿಟ್‌ಗೆ ಬಿಡುತ್ತದೆ. ನೀರಿಗೇ ಹತ್ತಿ ಕೆಂಪಾಯಿತೆಂದರೆ ಅದು ಬೇರೆ ಮರಕ್ಕೆ ಬಣ್ಣ ಕಟ್ಟಿದ್ದು. ಹಾಗಾದರೂ ಬೇಸರ ಬೇಡ. ಎಲ್ಲ ತವರಿಗೂ ರಕ್ತಚಂದನ ಕೊಳ್ಳುವ ಶಕ್ತಿ ಇರಲಿಲ್ಲ ಎಂಬುದೂ ಒಂದು ಮಾಹಿತಿ.

ಗೊಂಬೆಯನ್ನು ತಲೆಕೆಳಗು ಮಾಡಿ ಬುಡ ನೋಡಿ. ಒಂದು ಕಡೆ ಓರೆಯಾಗಿ, ನುಣ್ಣಗೆ ಸವೆದಿದೆಯೇ? ಅದು ಆಟದ ಸವೆತವಲ್ಲ. ಮಕ್ಕಳ ಮೈಗೆ ಬೊಕ್ಕೆಯೋ ಬಾವೋ ಆದಾಗ ಅದೇ ಗೊಂಬೆಯನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇದು ಗಂಧ ಹಚ್ಚುತ್ತಿದ್ದರು. ಒಂದೇ ವಸ್ತು ಹಬ್ಬದಲ್ಲಿ ದೇವರು, ಮಗುವಿಗೆ ಆಟಿಕೆ, ಜ್ವರ ಬಂದಾಗ ಮದ್ದು. ಹೊಸ ತಳ ಅಂಟಿಸಿ ಆ ಓರೆಯನ್ನು ನೇರ ಮಾಡಿಸಬೇಡಿ. ನಿಲ್ಲುವುದಿಲ್ಲವಾದರೆ ತೆಳುವಾದ ಬೆಂಡಿನ ಚೂರು ಕೆಳಗಿಡಿ, ಸಾಕು. ಈಗ ಅದನ್ನು ತೇದು ಹಚ್ಚುವುದೂ ಬೇಡ, ಮಗುವಿನ ಬಾಯಿಗೆ ಕೊಡುವುದೂ ಬೇಡ. ನಡುವೆ ಯಾರಾದರೂ ಎನಾಮೆಲ್ ಬಳಿದಿದ್ದರೆ ಹಳೇ ಎನಾಮೆಲ್‌ನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು.

ವಿದೇಶದಲ್ಲಿರುವ ಮಕ್ಕಳಿಗೆ ಜೋಡಿ ಕಳಿಸುವವರಿಗೆ ಒಂದು ಎಚ್ಚರಿಕೆ. ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ರಕ್ತಚಂದನ 1995ರಿಂದ ಇದೆ, ನಮ್ಮ ದೇಶದಿಂದ ಹೊರಗೆ ಸಾಗಿಸಲು ಕಟ್ಟುನಿಟ್ಟಿನ ನಿರ್ಬಂಧವಿದೆ. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಇಟ್ಟು ಕಳಿಸಿದರೆ ವಿಮಾನ ನಿಲ್ದಾಣದಲ್ಲಿ ಕಳೆದುಕೊಳ್ಳಬೇಕಾದೀತು. ಅಜ್ಜಿಯ ಜೋಡಿ ಇಲ್ಲೇ ಇರಲಿ. ಮಗಳಿಗೆ ತೇಗದ್ದೋ ಹಾಲೆ ಮರದ್ದೋ ಹೊಸ ಜೋಡಿ ಕೊಟ್ಟು, ಅಜ್ಜಿಯ ಗೊಂಬೆಯ ಹಳೇ ಸೀರೆಯ ಒಂದು ಅಂಚನ್ನು ಅದಕ್ಕೆ ಉಡಿಸಿ.

ಬಟ್ಟೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಮಾಹಿತಿ ಇರುವುದು ಅಲ್ಲಿ, ಹೆಚ್ಚು ಹಾಳಾಗುವುದೂ ಅಲ್ಲೇ. ಪ್ರತಿ ವರ್ಷ ಹೊಸ ಅಲಂಕಾರ ಮಾಡುವುದು ಪದ್ಧತಿ. ಆದರೆ ಅವಸರದ ವರ್ಷಗಳಲ್ಲಿ ಹಳೆಯದನ್ನು ಬಿಚ್ಚದೆ ಅದರ ಮೇಲೇ ಹೊಸದನ್ನು ಉಡಿಸಿರುತ್ತಾರೆ. ಹಾಗಾಗಿ ಒಂದು ಗೊಂಬೆಯ ಮೈಮೇಲೆ ಮೂರು ನಾಲ್ಕು ಪದರ ಸಿಗುವುದುಂಟು: ಹೊರಗೆ ನೈಲಾನ್ ಲೇಸು, ಮಿನುಗು ಚಕ್ಕೆ, ಅದರ ಕೆಳಗೆ ಕ್ರೇಪ್ ಪೇಪರು, ಬೇಗಡೆ, ಇನ್ನೂ ಕೆಳಗೆ ಮಖಮಲ್ಲು, ಗೋಟು, ಮೈಗೆ ತಾಗಿಕೊಂಡು ಯಾರದೋ ಧಾರೆ ಸೀರೆಯಿಂದ ಕತ್ತರಿಸಿದ ರೇಷ್ಮೆಯ ತುಂಡು. ಪದರ ಬಿಡಿಸುವಾಗ ಪ್ರತಿ ಪದರಕ್ಕೂ ಒಂದು ಫೋಟೋ, ಒಂದು ಲಕೋಟೆ. ಹರಿದದ್ದೆಂದು ಎಸೆಯಬೇಡಿ. ಬೆಳ್ಳಿ ಎಳೆಯ ಜರಿ ಕಾಲ ಕಳೆದಂತೆ ಕಪ್ಪಾಗುತ್ತದೆ, ಅಗ್ಗದ ಜರಿಯ ತಾಮ್ರ ತೇವಕ್ಕೆ ಹಸಿರುಗಟ್ಟುತ್ತದೆ. ಯಾವ ದಶಕದಲ್ಲಿ ಕೈ ಬಿಗಿಯಿತ್ತು, ಯಾವಾಗ ಸಡಿಲವಾಯಿತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಹೊಸದಾಗಿ ಉಡಿಸುವುದಾದರೆ 12 ಅಂಗುಲದ ರಾಣಿಗೆ 7 ಅಂಗುಲ ಅಗಲ, 45 ಅಂಗುಲ ಉದ್ದದ ಪಟ್ಟಿ ಬೇಕು. ಎರಡು ಸುತ್ತು, ಮುಂದೆ ಐದು ನೆರಿಗೆ, ಉಳಿದದ್ದು ಸೆರಗು. ಹಳೇ ಸೀರೆಯ ಅಂಚು ಕೆಳಗೆ ಬರುವಂತೆ ಕತ್ತರಿಸಿಕೊಳ್ಳಿ, ಆಗ ಹೊಲಿಗೆಯೇ ಬೇಡ. ರಾಜನ ಪೇಟಕ್ಕೆ 1 ಅಂಗುಲ ಅಗಲದ, 24 ಅಂಗುಲ ಉದ್ದದ ಪಟ್ಟಿಯನ್ನು ನೀಳವಾಗಿ ಮಡಚಿ, ಕಾಗದದ ಬಳೆಗೆ ಸುತ್ತಿ, ಬಳೆಯನ್ನು ತಲೆಗೆ ತೊಡಿಸಿ. ನೇರ ತಲೆಗೇ ಸುತ್ತಿದರೆ ಕೂದಲಿನ ಬಣ್ಣ ಉಜ್ಜಿಹೋಗುತ್ತದೆ. ಗುಂಡುಸೂಜಿ ತುಕ್ಕು ಹಿಡಿದು ಬಟ್ಟೆಯನ್ನೂ ಮರವನ್ನೂ ಕಲೆ ಮಾಡುತ್ತದೆ, ಅದರ ಬದಲು ಎರಡು ಹೊಲಿಗೆ ಹಾಕಿ. ಗ್ಲೂ ಗನ್ ಅಂತೂ ಬೇಡವೇ ಬೇಡ. ಮುಂದಿನ ವರ್ಷ ಆ ಅಂಟು ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ.

ಜೋಡಿಯ ಕೆಳಗಿನ ಮೆಟ್ಟಿಲುಗಳು ಕಾಲದ ಜೊತೆ ಬೇಗ ಬೇಗ ಬದಲಾದವು. ದಶಾವತಾರ, ರಾಮ ಪಟ್ಟಾಭಿಷೇಕ, ಅಂಗಡಿಯ ಶೆಟ್ಟಿ ದಂಪತಿಗಳು ಎಲ್ಲ ಕಡೆ ಇರುತ್ತಾರೆ. ಶೆಟ್ಟರ ಮುಂದೆ ಅಕ್ಕಿ, ಬೇಳೆ, ಬೆಲ್ಲ, ಉಪ್ಪಿನ ಪುಟ್ಟ ರಾಶಿಗಳು. ಆ ರಾಶಿಗಳನ್ನು ಹಬ್ಬ ಮುಗಿದ ದಿನವೇ ತೆಗೆಯಬೇಕು, ಇಲ್ಲದಿದ್ದರೆ ಅಕ್ಕಿಯ ಹುಳು, ಬೆಲ್ಲದ ಇರುವೆ ಟ್ರಂಕಿನೊಳಗೇ ಸಂಸಾರ ಹೂಡುತ್ತವೆ. ಇವರ ಸುತ್ತ ಬ್ಯಾಂಡಿನವರು, ಬಂದೂಕು ಹಿಡಿದ ಸಿಪಾಯಿಗಳು ಬಂದದ್ದು ಬ್ರಿಟಿಷರ ಕಾಲದ ಪ್ರಭಾವ. ಆಮೇಲೆ ಗಾಂಧಿ, ನೆಹರು ಬಂದರು. ನಂತರ ಕ್ರಿಕೆಟ್ ತಂಡ. ಈಗ ರಾಕೆಟ್ಟು, ಮೆಟ್ರೋ ರೈಲು.

ಜಂಬೂ ಸವಾರಿಯ ಸೆಟ್ಟು ಇದ್ದರೆ ಅಂಬಾರಿಯಲ್ಲಿ ಯಾರು ಕೂತಿದ್ದಾರೆ ನೋಡಿ. ಪೇಟ ಧರಿಸಿದ ಮಹಾರಾಜರೋ, ತಾಯಿ ಚಾಮುಂಡೇಶ್ವರಿಯೋ? ಹಿಂದಿನ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರಲ್ಲಿ ರದ್ದಾದ ಹೊತ್ತಿನಿಂದೀಚೆಗೆ ಚಿನ್ನದ ಅಂಬಾರಿಯಲ್ಲಿ ದೇವಿಯ ಮೂರ್ತಿಯ ಮೆರವಣಿಗೆ ನಡೆಯುತ್ತಿದೆ. ಗೊಂಬೆ ಮಾಡುವವರೂ ಅದನ್ನೇ ಅನುಸರಿಸಿದರು. ಕೆಲವು ಮನೆಗಳಲ್ಲಿ ಹಳೇ ಆನೆಯ ಮೇಲಿಂದ ರಾಜನನ್ನು ತೆಗೆದು ಸಣ್ಣ ದೇವಿಯನ್ನು ಕೂರಿಸಿದ್ದುಂಟು. ಅಂಥದ್ದು ಸಿಕ್ಕರೆ ಮೊದಲಿನಂತೆ ಮಾಡಲು ಹೋಗಬೇಡಿ. ಒಂದು ರಾಜ್ಯದ ಚರಿತ್ರೆ ಒಂದು ಮರದ ಆನೆಯ ಮೇಲೆ ಅಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಉಳ್ಳವರ ಮನೆಗಳಲ್ಲಿ ಜರ್ಮನಿ, ಜಪಾನಿನ ಪಿಂಗಾಣಿ ಮತ್ತು ಸೆಲ್ಯುಲಾಯ್ಡ್ ಗೊಂಬೆಗಳೂ ಇರುತ್ತವೆ. ಬೆನ್ನಿನ ಮೇಲೋ ಪಾದದ ಕೆಳಗೋ ಅಚ್ಚೊತ್ತಿದ ಗುರುತು ಓದಿ. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಹೆಚ್ಚಾಗಿ 1947ರಿಂದ 1952ರ ನಡುವಿನದು. ಸೆಲ್ಯುಲಾಯ್ಡ್ ಗೊಂಬೆ ಹಗುರ, ಬೆರಳಲ್ಲಿ ತಟ್ಟಿದರೆ ತೆಳುವಾದ ಸದ್ದು, ಉಜ್ಜಿದರೆ ಕರ್ಪೂರದ ವಾಸನೆ. ಆ ವಸ್ತುವನ್ನು ಮಾಡಲು ಕರ್ಪೂರವನ್ನೇ ಬೆರೆಸುತ್ತಿದ್ದರು. ಇದು ಬಹಳ ಬೇಗ ಹೊತ್ತಿಕೊಳ್ಳುತ್ತದೆ. ದೀಪ, ಊದುಬತ್ತಿ, ಬಿಸಿಯಾಗುವ ಬಲ್ಬು ಯಾವುದೂ ಹತ್ತಿರ ಬೇಡ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವುದಂತೂ ಅಪಾಯ. ಮೈ ಹಳದಿಯಾಗಿ ಬಿರುಕು ಬಿಟ್ಟು, ಮೂಗಿಗೆ ಚುರುಕ್ಕೆನ್ನುವ ವಾಸನೆ ಬಂದರೆ ಅದು ಒಳಗಿಂದಲೇ ಕೊಳೆಯುತ್ತಿದೆ. ಅದರಿಂದ ಬರುವ ಆಮ್ಲದ ಗಾಳಿ ಪಕ್ಕದ ಹಿತ್ತಾಳೆ ಸಾಮಾನನ್ನೂ ಬಟ್ಟೆಯನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಇನ್ನೂ ಬೇಗ ಹಾಳು. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬೇರೆಯೇ ಇಡಬೇಕು.

ಚನ್ನಪಟ್ಟಣದ ಆಟಿಕೆಯ ಕಷ್ಟ ಬೇರೆ ಥರದ್ದು. ಹಾಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಹಾಗಾಗಿ ಅಪ್ಪಟ ಹಳೇ ಆಟಿಕೆಯಲ್ಲಿ ಬಣ್ಣ ಬಳೆಬಳೆಯಾಗಿ ಇರುತ್ತದೆ, ಕುಂಚದ ಗೆರೆ ಇರುವುದಿಲ್ಲ. ಅರಗಿಗೆ ನೀರಿಗಿಂತ ದೊಡ್ಡ ಶತ್ರು ಸ್ಪಿರಿಟ್. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ, ಸೆಂಟು ಹಾಕಿದ ಮಣಿಕಟ್ಟಿನಲ್ಲಿ ಮುಟ್ಟಿದರೆ ಹೊಳಪು ಮಂಕಾಗಿ ಬೆರಳಿನ ಗುರುತು ಕೂರುತ್ತದೆ. ಸೋಪು, ಸೋಡಾ ನೀರೂ ಅರಗನ್ನು ತಿನ್ನುತ್ತವೆ. ಒಣ ಮೆತ್ತನೆ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಉಜ್ಜಿದರೆ ಕೈಯ ಬಿಸಿಗೇ ಹೊಳಪು ಮರಳುತ್ತದೆ.

ಈ ಆಟಿಕೆಗಳಲ್ಲಿ ಅಡುಗೆ ಸೆಟ್ಟಿನಷ್ಟು ಮಾತಾಡುವುದು ಇನ್ನೊಂದಿಲ್ಲ. ಹಳೆಯ ಸೆಟ್ಟಿನಲ್ಲಿ ಒಲೆ, ಒರಳು, ಒನಕೆ, ಬೀಸುವ ಕಲ್ಲು, ಕೊಡ, ಕಡಗೋಲು. ಆಮೇಲಿನದರಲ್ಲಿ ಗ್ಯಾಸ್ ಒಲೆ, ಸಿಲಿಂಡರು, ಕುಕ್ಕರು, ಮಿಕ್ಸಿ. ಮೇಲಿನ ಮೆಟ್ಟಿಲಿನ ಗೊಂಬೆಗಳನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ, ಕೆಳಗಿನ ಸಾಲು ಅವರದ್ದು. ಅದಕ್ಕೇ ಸವೆತ ಎಲ್ಲಿದೆ ನೋಡಬೇಕು. ಬೀಸುವ ಕಲ್ಲಿನ ಗೂಟ ಸವೆದು ಸಡಿಲವಾಗಿದೆ ಎಂದರೆ ಪುಟ್ಟ ಹುಡುಗಿಯೊಬ್ಬಳು ಗಂಟೆಗಟ್ಟಲೆ ಅದನ್ನು ತಿರುಗಿಸಿದ್ದಾಳೆ. ಅದೇ ಟ್ರಂಕಿನ ತಗಡಿನ ಮೋಟಾರು ಗಾಡಿಯ ಬಣ್ಣ ಹೋಗಿರುವುದು ಅವಳ ಅಣ್ಣನೋ ತಮ್ಮನೋ ಆಡಿದ್ದರಿಂದ ಎಂದು ಊಹಿಸುವುದು ಕಷ್ಟವಲ್ಲ. ಯಾರಿಗೆ ಒಲೆ, ಯಾರಿಗೆ ಗಾಡಿ ಎಂಬ ಪಾಲು ಆಟಿಕೆಯಲ್ಲೇ ಮುಗಿದಿರುತ್ತಿತ್ತು. ಇಂದು ಎಷ್ಟೋ ಮನೆಗಳಲ್ಲಿ ಒಂದೇ ಮಗು, ಅದು ಎರಡರಲ್ಲೂ ಆಡುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಆ ಮಗು ತನ್ನ ಪ್ಲಾಸ್ಟಿಕ್ ಕಾರು ಇಟ್ಟರೆ ತೆಗೆಸಬೇಡಿ. ಅದರ ಜಾಗ ಅದೇ.

ಕಿನ್ನಾಳದ ಗೊಂಬೆ ಕೆಲವರ ಮನೆಯಲ್ಲಿರುತ್ತದೆ. ಕೊಪ್ಪಳದ ಆ ಊರಿನ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆ ಬೀಜದ ಸರಿಯಿಂದ ಮಾಡಿದ ಕಿಟ್ಟ ಎಂಬ ಲೇಪ ಮೆತ್ತಿ ಬಣ್ಣ ಹಾಕುತ್ತಾರೆ. ಬೆರಳು ಮುರಿದಾಗ ಎಪಾಕ್ಸಿ ಹಚ್ಚಿದರೆ ಅದು ಕಲ್ಲಿನಂತೆ ನಿಲ್ಲುತ್ತದೆ, ಮರ ಮಾತ್ರ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಅದರ ಬದಲು ಹುಣಸೆ ಬೀಜದ ಅಂಟು ಬಳಸಿ: ಬೀಜ ಹುರಿದು ಸಿಪ್ಪೆ ತೆಗೆದು ಮಾಡಿದ ಪುಡಿ 10 ಗ್ರಾಂ, ನೀರು 100 ಮಿಲಿ, ಸಣ್ಣ ಉರಿಯಲ್ಲಿ 15-20 ನಿಮಿಷ ಕಲಕುತ್ತ ಕುದಿಸಿದರೆ ಅಂಟು ಸಿದ್ಧ. ತೆಳ್ಳಗೆ ಸವರಿ, ದಾರ ಸುತ್ತಿ, ಒಂದು ದಿನ ಬಿಡಿ. ನಾಳೆ ಬೇಡವೆಂದರೆ ನೀರಿಗೆ ಬಿಡುತ್ತದೆ, ಅದೇ ಅದರ ಗುಣ. ಉಳಿದ ಅಂಟು ಎರಡೇ ದಿನಕ್ಕೆ ಹುಳಿಯುತ್ತದೆ, ಇಟ್ಟುಕೊಳ್ಳಬೇಡಿ. ಸುಡದ ಮಣ್ಣಿನ ಗೊಂಬೆಗೆ, ತಮಿಳುನಾಡಿನ ಪಣ್ರುಟ್ಟಿ ಕಡೆಯ ಕಾಗದದ ತಿರುಳಿನ ಗೊಂಬೆಗೆ ನೀರು ಸೋಕಿಸಲೇಬಾರದು, ಮೆತ್ತನೆಯ ಒಣ ಕುಂಚವೊಂದೇ ದಾರಿ.

ಉತ್ತರ ಕರ್ನಾಟಕದಲ್ಲಿ ದಸರೆಗೆ ಗೊಂಬೆ ಕೂರಿಸುವ ರೂಢಿ ಕಡಿಮೆ, ಅಲ್ಲಿ ಬನ್ನಿ ಹಂಚುವುದು ಮುಖ್ಯ. ಅಲ್ಲಿಯ ಹಬ್ಬದ ಗೊಂಬೆಗಳು ಉಳಿಸಲು ಮಾಡಿದವೇ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಜೋಡೆತ್ತು, ಆಷಾಢದ ಮಂಗಳವಾರಗಳ ಗುಲಗಂಜಿ ಕಣ್ಣಿನ ಮಣ್ಣಿನ ದೇವಿ ಗುಳ್ಳವ್ವ, ಪೂಜೆ ಮುಗಿದ ಮೇಲೆ ಮಣ್ಣಿಗೇ ಮರಳುತ್ತವೆ. ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಯನ್ನು ಮಕ್ಕಳು ತಿಂದು ಮುಗಿಸುತ್ತಾರೆ. ಉಳಿಯುವುದು ಅಚ್ಚು ಮಾತ್ರ. ಅಜ್ಜಿಯ ಕಾಲದ ಮರದ ಸಕ್ಕರೆ ಅಚ್ಚುಗಳಿದ್ದರೆ ಅವನ್ನು ಗಾಜಿನ ಬೀರುವಿನಲ್ಲಿಡದೆ ಬಳಸಿ. ಪಾಕ ಹೊಯ್ಯುವ ಮೊದಲು ಅಚ್ಚನ್ನು ಚೆನ್ನಾಗಿ ನೀರಲ್ಲಿ ನೆನೆಸಿಡಬೇಕು. ಒಣ ಅಚ್ಚು ಪಾಕದ ತೇವ ಹೀರಿಕೊಂಡು ಆನೆಯ ಸೊಂಡಿಲನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಬಳಸಿದ ಮೇಲೆ ಬಿಸಿಲಿಗಲ್ಲ, ನೆರಳಿಗೆ ಒಣಗಿಸಿ, ಎರಡು ಹೋಳನ್ನೂ ಜೋಡಿಸಿ ದಾರ ಕಟ್ಟಿಡಿ. ಬೇರೆ ಬೇರೆ ಒಣಗಿದ ಹೋಳುಗಳು ಬಾಗಿ, ಮರುವರ್ಷ ಬಾಯಿ ಕೂಡುವುದಿಲ್ಲ.

ಕೂರಿಸುವ ಜಾಗವೂ ಕಿರಿದಾಯಿತು. 8 ಅಂಗುಲ ಎತ್ತರ, 10 ಅಂಗುಲ ಅಗಲದ ಏಳು ಮೆಟ್ಟಿಲಿಗೆ ಗೋಡೆಯಿಂದ 70 ಅಂಗುಲ, ಅಂದರೆ ಹತ್ತಿರ ಹತ್ತಿರ 6 ಅಡಿ ಜಾಗ ಬೇಕು. ತೊಟ್ಟಿ ಮನೆಯ ಪಡಸಾಲೆಗೆ ಅದು ಲೆಕ್ಕಕ್ಕಿಲ್ಲ, ಫ್ಲಾಟಿನ ಹಾಲಿನಲ್ಲಿ ನಡೆಯಲು ಜಾಗ ಉಳಿಯುವುದಿಲ್ಲ. ಮೂರು ಮೆಟ್ಟಿಲಿಗೆ 30 ಅಂಗುಲ ಸಾಕು. ಮೆಟ್ಟಿಲ ಸಂಖ್ಯೆ ಬೆಸ ಆಗಿರಲಿ ಎನ್ನುತ್ತಾರೆ, ಮೂರೂ ಬೆಸವೇ. ಮುಕ್ಕಾಲು ಅಂಗುಲದ ಹಲಗೆ 3 ಅಡಿಗಿಂತ ಉದ್ದವಿದ್ದರೆ ನಡುವೆ ಆಸರೆ ಕೊಡಿ. ಒಂಬತ್ತು ದಿನದ ಭಾರಕ್ಕೆ ಹಲಗೆ ಬಾಗಿ, ನಡುವಿನ ಗೊಂಬೆಗಳು ಮುಂದಕ್ಕೆ ಜಾರುತ್ತವೆ. ಎಣ್ಣೆ ದೀಪ ನೆಲದ ಮೇಲಿರಲಿ, ಮೆಟ್ಟಿಲ ಮೇಲೆ ಬೇಡ. ಹೊಲದ ದೃಶ್ಯಕ್ಕೆ ಪೈರು ಬೆಳೆಸುವವರು ರಾಗಿಯನ್ನು ಒಂದು ವಾರ ಮೊದಲು, ಸಾಸಿವೆಯನ್ನು ನಾಲ್ಕು ದಿನ ಮೊದಲು ತಟ್ಟೆಯಲ್ಲಿ ಬಿತ್ತಬೇಕು, ಮೊಳಕೆ ಬಂದ ಮೇಲೆ ಬೆಳಕಿಗಿಡಬೇಕು. ಇಲ್ಲದಿದ್ದರೆ ಹಳದಿಯಾಗಿ ಮಲಗುತ್ತದೆ. ಆ ಒದ್ದೆ ತಟ್ಟೆ ಮಣ್ಣಿನ ಗೊಂಬೆಯ ಪಕ್ಕದಲ್ಲಿರಬಾರದು.

ಒಂಬತ್ತು ಸಂಜೆಯೂ ಮಕ್ಕಳು ಡಬ್ಬಿ ಹಿಡಿದು ‘ಗೊಂಬೆ ಕೂರಿಸಿದ್ದೀರಾ?’ ಎಂದು ಬೀದಿಯ ಮನೆಮನೆಗೆ ಹೋಗುವುದಿತ್ತು. ಅವರಿಗೆ ಸಿಗುತ್ತಿದ್ದದ್ದು ಬೊಂಬೆ ಬಾಗಿನ: ರೂಪಾಯಿ ಬಿಲ್ಲೆಯಷ್ಟೇ ಚಕ್ಕುಲಿ, ಉಂಗುರದಷ್ಟು ಕೋಡುಬಳೆ, ಗೋಲಿಯಷ್ಟು ರವೆ ಉಂಡೆ, ಉಸಲಿ. ತಿಂಡಿಯನ್ನೂ ಗೊಂಬೆಯ ಅಳತೆಗೆ ಮಾಡುತ್ತಿದ್ದರು. ಈಗ ಶನಿವಾರ ಭಾನುವಾರಕ್ಕೆ ವಾಟ್ಸ್ಯಾಪಿನಲ್ಲಿ ಕರೆಯುತ್ತಾರೆ, ಚಾಕೊಲೇಟ್ ಕೊಡುತ್ತಾರೆ. ಕರೆಯದೆ ಬರಬಹುದು ಎಂಬ ಸಲಿಗೆ ಹೋದದ್ದು ನಿಜವಾದ ನಷ್ಟ. ಆದರೆ ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಹೇಳಲಾರೆವು. ಕೆಲವು ಜಾತಿಗಳ ಮನೆಗಳಿಗಷ್ಟೇ ಸೇರಿದ್ದ ಹಬ್ಬ ಇದು, ಎಲ್ಲ ಮಕ್ಕಳಿಗೂ ಎಲ್ಲ ಬಾಗಿಲೂ ತೆರೆದಿರಲಿಲ್ಲ. ಅರಿಶಿನ ಕುಂಕುಮ ಮುತ್ತೈದೆಯರಿಗೆ ಮಾತ್ರ. ಗಂಡ ತೀರಿಕೊಂಡ ಹೆಣ್ಣು, ತನ್ನ ತವರಿನಿಂದ ತಾನೇ ತಂದ ಜೋಡಿಗೆ ತಾನೇ ಆರತಿ ಎತ್ತುವಂತಿರಲಿಲ್ಲ. ವರ್ಷಪೂರ್ತಿ ಕಾಪಾಡಿದ ಕೈಯನ್ನೇ ಒಂಬತ್ತು ದಿನ ದೂರವಿಟ್ಟದ್ದು ಅನ್ಯಾಯ. ಇಂದು ಆ ಅಮ್ಮಂದಿರ ಕೈಯಲ್ಲೇ ಜೋಡಿ ಕೂರಿಸುವ ಮನೆಗಳು ಇವೆ. ಈ ಬದಲಾವಣೆ ಎಲ್ಲ ಮನೆಗೂ ಬರಬೇಕು. ಜೋಡಿ ಯಾರಿಗೆ ಸೇರಬೇಕು ಎಂಬ ಜಗಳಕ್ಕೂ ನಮ್ಮ ಉತ್ತರ ಇದೇ: ಮಗನೋ, ಮಗಳೋ, ಮದುವೆಯಾಗದವರೋ, ಯಾರು ಕೂರಿಸುತ್ತಾರೋ ಅವರಿಗೆ ಕೊಡಿ.

ವಿಜಯದಶಮಿಯ ರಾತ್ರಿ ಜೋಡಿಯನ್ನು ಮೆಲ್ಲಗೆ ಮಲಗಿಸುತ್ತಾರೆ. ಮರುದಿನ ಕಟ್ಟಿಡುವಾಗ ಹೂವಿನ ಎಸಳು, ಕುಂಕುಮ, ಎಣ್ಣೆಯ ಜಿಡ್ಡು ಒಂದೂ ಉಳಿಯಬಾರದು. ಕುಂಕುಮದ ಬಣ್ಣ ತೇವಕ್ಕೆ ಇಳಿದು ಹಣೆಯಿಂದ ಕೆನ್ನೆಗೆ ಹರಿಯುತ್ತದೆ. ಕುಟ್ಟೆಯ ಅನುಮಾನ ಇರುವ ಗೊಂಬೆಯನ್ನು ಕಪ್ಪು ಕಾಗದದ ಮೇಲೆ ನಿಲ್ಲಿಸಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ವಾರ ಬಿಡಿ. ಕಾಗದದ ಮೇಲೆ ಹಿಟ್ಟು ಬಿದ್ದರೆ ಹುಳು ಬದುಕಿದೆ, ಅದು ಟ್ರಂಕಿಗೆ ಹೋಗಬಾರದು. ನುಸಿಗುಳಿಗೆ ಬೇಡ, ಪ್ಲಾಸ್ಟಿಕ್ ಗೊಂಬೆಗಳ ಮೈ ಅದಕ್ಕೆ ಮೆತ್ತಗಾಗಿ ಅಂಟುತ್ತದೆ. ಒಣ ಬೇವಿನ ಎಲೆ, ಬಜೆಯ ತುಂಡು, ನಾಲ್ಕಾರು ಲವಂಗ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡಿ, ವರ್ಷಕ್ಕೊಮ್ಮೆ ಬದಲಿಸಿ. ಹೆಂಚಿನ ಕೆಳಗಿನ ಅಟ್ಟಕ್ಕಿಂತ ಒಳಕೋಣೆಯ ಮಂಚದ ಕೆಳಗೆ, ನೆಲಕ್ಕೆ ತಾಗದಂತೆ ಎರಡು ಹಲಗೆಯ ಮೇಲೆ ಟ್ರಂಕು ಇಟ್ಟರೆ ಒಳ್ಳೆಯದು. ಅಟ್ಟದ ಬೇಸಿಗೆಯ ಕಾವಿಗೆ ಅರಗು ಮೆತ್ತಗಾಗಿ ಬಟ್ಟೆಗೆ ಹಿಡಿಯುತ್ತದೆ.

ಮುಚ್ಚುವ ಮೊದಲು ಪ್ರತಿ ಗೊಂಬೆಯ ಜೊತೆ ಒಂದು ಚೀಟಿ: ಯಾರ ತವರಿನಿಂದ ಬಂತು, ಯಾವ ವರ್ಷ, ಈ ಸಲ ಯಾರು ಕೂರಿಸಿದರು, ಏನು ಮುರಿಯಿತು, ಏನು ಹೊಸದಾಗಿ ಸೇರಿತು. ಗೊಂಬೆಗೆ ಅಂಟಿಸದೆ ಸುತ್ತಿದ ಬಟ್ಟೆಯ ಹೊರಗೆ ದಾರದಲ್ಲಿ ಕಟ್ಟಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒಂದು ಮಳೆಗಾಲಕ್ಕೇ ಹರಡಿಬಿಡುತ್ತದೆ.